ಹತ್ತೊಂಬತ್ತನೇ ಹಲ್ಲಿನ ಅಚ್ಚು

ನಮ್ಮ ಯಜಮಾನರು ಕಾಗದದ ಕಾರ್ಖಾನೆಯಲ್ಲಿ ಗೇರ್ ನೋಡುವವರು. ಮನೆಯಲ್ಲಿ ಕಣ್ಣೆದುರಿಗಿರುವ ಕನ್ನಡಕ ಕಾಣುವುದಿಲ್ಲ. ಗೇರಿನ ಹಲ್ಲಿನ ಮೇಲೆ ಸಾಸಿವೆಗಿಂತ ಸಣ್ಣ ಗುಳಿ ಬಿದ್ದರೆ ಮಾತ್ರ ಕಂಡೇ ಕಾಣುತ್ತದೆ. ನನ್ನ ಕರ್ಮ!

ತಿಂಗಳಿಗೊಮ್ಮೆ ದೊಡ್ಡ ಗೇರ್‌ಬಾಕ್ಸಿನ ಮುಚ್ಚಳ ತೆಗೆದು, ಗುರುತು ಮಾಡಿಟ್ಟ ಹತ್ತೊಂಬತ್ತನೇ ಹಲ್ಲಿಗೆ ನೀಲಿ ಬಣ್ಣ ಬಳಿದು, ಟೇಪ್ ಒತ್ತಿ ಕೀಳುತ್ತಾರೆ. ಗುಳಿಯಿದ್ದಲ್ಲಿ ಬಣ್ಣ ಹತ್ತದೆ ಬಿಳಿ ಚುಕ್ಕಿ ಉಳಿಯುತ್ತದೆ. ಅದನ್ನು ನೋಟ್‌ಬುಕ್ಕಿಗೆ ಅಂಟಿಸಿ ಹಿಂದಿನ ತಿಂಗಳಿನ ಅಚ್ಚಿಗೆ ಹೋಲಿಸುತ್ತಾರೆ. ಚುಕ್ಕಿ ಅಷ್ಟೇ ಇದ್ದರೆ ಗೇರ್ ಓಡಬಹುದು, ಹೆಚ್ಚಿದರೆ ನಿಲ್ಲಿಸಬೇಕು.

ಮೊನ್ನೆ ಚುಕ್ಕಿಗಳು ಒಮ್ಮೆಲೇ ಹೆಚ್ಚಿದ್ದವು. "ಮೆಷಿನ್ ನಿಲ್ಸಿ, ಗೇರ್ ಗುಜರಿಗೆ ಹಾಕಿ. ನನ್ನ ಮಾತು ತಪ್ಪಾದ್ರೆ ನಾಳೆಯಿಂದ ಕೆಲಸಕ್ಕೇ ಬರಲ್ಲ" ಎಂದು ಮ್ಯಾನೇಜರ್ ಎದುರು ಎದೆ ತಟ್ಟಿ ಬಂದರು. ಮೆಷಿನ್ ನಿಂತಿತು.

ಸಂಜೆ ಅಡುಗೆಮನೆಯಲ್ಲಿ ನನಗೆ ಆ ಅಚ್ಚು ತೋರಿಸಿ ಮೀಸೆ ತಿರುವುತ್ತಿದ್ದರು. ನಾನು ಒಂದು ಚುಕ್ಕಿಯನ್ನು ಉಗುರಿನಿಂದ ಒತ್ತಿದೆ. ಕರಕ್ ಎಂದಿತು. ಟೇಪ್ ಎತ್ತಿ ನಾಲಿಗೆಗೆ ಇಟ್ಟುಕೊಂಡೆ. ನಾಲಿಗೆ ನೀಲಿಯಾಯಿತು.

"ಏನ್ರೀ ಇದು, ಸಕ್ಕರೆ!"

ಯಜಮಾನರು ಇಂಗು ತಿಂದ ಮಂಗನಂತಾದರು. ಬಣ್ಣ ಬಳಿಯುವಾಗ ಕೈ ಬಿಡುವಿಲ್ಲವೆಂದು ಟೇಪಿನ ತುಂಡನ್ನು ಊಟದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಟ್ಟಿದ್ದರಂತೆ. ಅಲ್ಲಿಂದ ಟೇಪಿಗೆ ಸಕ್ಕರೆ ಹರಳು ಅಂಟಿದ ಕಡೆಯೆಲ್ಲ ಬಣ್ಣ ಹತ್ತಿರಲಿಲ್ಲ. ಆದರೆ ಡಬ್ಬಿಯಲ್ಲಿ ಸಕ್ಕರೆ ಎಲ್ಲಿಂದ ಬಂತು? ಡಾಕ್ಟರು ಸಿಹಿ ಮುಟ್ಟಬೇಡಿ ಎಂದು ವರ್ಷವಾಯಿತು.

"ಬಿಸ್ಕತ್ತು ಕಣೇ... ಮೇಲೆ ಸಕ್ಕರೆ ಉದುರ್ಸಿರ್ತಾರಲ್ಲ, ಅದು" ಎಂದರು, ನೆಲ ನೋಡುತ್ತಾ.

ಕೋಪ ನೆತ್ತಿಗೇರಿತು. ಕೆಲಸ ಹೋದರೆ ಗತಿಯೇನು ಎಂದು ಹೆದರಿಕೆಯೂ ಆಯಿತು. "ಸುಮ್ನಿದ್ದುಬಿಡಿ. ಗೇರ್ ಗುಜರಿಗೆ ಹೋದ್ಮೇಲೆ ಯಾರಿಗೆ ಗೊತ್ತಾಗತ್ತೆ?" ಎಂದೆ.

"ಹದಿನಾರು ವರ್ಷದಲ್ಲಿ ಒಂದಿನ ಕೈಕೊಟ್ಟಿಲ್ಲ ಅದು. ನನ್ನ ಹೊಟ್ಟೆಬಾಕತನಕ್ಕೆ ಅದನ್ನ ಬಲಿ ಕೊಡ್ಲಾ?" ಎಂದವರೇ ಸೈಕಲ್ ಹತ್ತಿ ಹೊರಟರು.

ಎರಡು ಗಂಟೆ ಮನೆಯೊಳಗೂ ಹೊರಗೂ ತಿರುಗಾಡಿದೆ. ಕೊನೆಗೂ ಬಂದರು. ಮ್ಯಾನೇಜರ್ ಎದುರೇ ಹೊಸ ಅಚ್ಚು ತೆಗೆದರಂತೆ, ಚುಕ್ಕಿ ಹಿಂದಿನಷ್ಟೇ. ಎಲ್ಲರ ಮುಂದೆ ಬಿಸ್ಕತ್ತಿನ ವಿಷಯವನ್ನೂ ಒಪ್ಪಿಕೊಂಡರಂತೆ. ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕು, "ನಾಳೆ ಎಂಟಕ್ಕೆ ಬನ್ನಿ" ಎಂದರಂತೆ.

ಹೋದ ಜೀವ ಬಂದಂತಾಯಿತು. ಇಂಥ ಸತ್ಯವಂತ ನನ್ನ ಗಂಡ ಎಂದು ಹೆಮ್ಮೆಯೂ ಆಯಿತು. ನೀರು ಕೊಟ್ಟು ಕೇಳಿದೆ, "ಎಷ್ಟು ತಿಂದಿದ್ರಿ?"

"ಅಲ್ಲಿ ಎರಡು ಅಂದೆ" ಎಂದು ಲೋಟ ತಿರುಗಿಸುತ್ತಾ ಕೂತರು. "ಗೇರ್ ವಿಷಯದಲ್ಲಿ ಮಾತ್ರ ಒಂದು ಸುಳ್ಳೂ ಹೇಳಿಲ್ಲ ಕಣೇ. ಇಡೀ ಪ್ಯಾಕೆಟ್."