ಎಂಜಲಾಗದ ಎಲೆಗಳು

ಬಡಿಸುವ ಅಕ್ಕನ ಎಡಭುಜ ಬಲಭುಜಕ್ಕಿಂತ ಎದ್ದು ಕಾಣುವಷ್ಟು ಇಳಿದಿತ್ತು. ಮದುವೆ ಛತ್ರಗಳಲ್ಲಿ ಸಾರಿನ ಬಕೆಟ್ಟನ್ನು ಆ ಕೈಯಲ್ಲಿ ಹಿಡಿದು, ಪಂಕ್ತಿಯುದ್ದಕ್ಕೂ ಬಾಗಿ ನಡೆದು, ಮೂಳೆಯೇ ಹಾಗೆ ಕೂತುಬಿಟ್ಟಿತ್ತು. ಭದ್ರಾವತಿಯ ನ್ಯೂ ಟೌನಿನ ನಮ್ಮ ಬೀದಿಯಲ್ಲಿ ಬರಿಗೈಯಲ್ಲಿ ಬರುವಾಗಲೂ ಅವರು ಕಾಣದ ಬಕೆಟ್ಟೊಂದನ್ನು ಹೊತ್ತವರಂತೆಯೇ ನಡೆಯುತ್ತಿದ್ದರು.

ನಮ್ಮದು ತಿಂಗಳ ಸಂಬಳ ಬರುವ ಮನೆ; ಪಕ್ಕದ್ದು ಅವರ ಮನೆ. ಅಲ್ಲಿ ಅವರೂ ಅವರ ತಮ್ಮನೂ ಇದ್ದರು. ತೊಂಬತ್ತರ ದಶಕದ ಕೊನೆಗೆ ತಮ್ಮನಿಗೆ ಕೂಲಿ ಸಿಗುವುದು ಅಪರೂಪವಾಗಿ, ಅಕ್ಕನ ದುಡಿಮೆಯಲ್ಲೇ ಇಬ್ಬರ ಹೊಟ್ಟೆ ನಡೆಯುತ್ತಿತ್ತು. ಶಿವಮೊಗ್ಗದ ಸವಳಂಗ ರಸ್ತೆಯ ಛತ್ರವೊಂದರಲ್ಲಿ ಬಡಿಸುವ ಹೆಂಗಸರಿಗೆಲ್ಲ ಅವರೇ ಮುಂದಾಳು. ಅತಿಥಿಗಳನ್ನು ಕುರಿತು ಅವರು ಹೇಳುತ್ತಿದ್ದುದು ನನಗೆ ಈಗಲೂ ನೆನಪಿದೆ: "ಬಾಯಿ ಸಾಕು ಸಾಕು ಅನ್ನುತ್ತೆ ಅಣ್ಣ, ಕೈ ಮಾತ್ರ ಎಲೆಗೆ ಅಡ್ಡ ಬರಲ್ಲ. ನಾನು ಬಾಯಿ ನಂಬಲ್ಲ, ಕೈ ನೋಡಿ ಬಡಿಸ್ತೀನಿ."

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಉಳಿದುದನ್ನು ಗ್ರಂಥಾಲಯದ ಬೆಂಚಿನ ಮೇಲೆ ಕಲಿತವನು. ಲೋಕದಲ್ಲಿ ಜನ ಹೆಚ್ಚಾಗಿದ್ದಾರೆ, ಅನ್ನ ಸಾಲದು, ಆದ್ದರಿಂದ ಹಸಿವು ಎಂದು ಓದಿದ್ದೆ. ಅದನ್ನು ನಾನು ನಂಬುವುದಿಲ್ಲ. ಆ ಛತ್ರದ ಹಿತ್ತಲನ್ನು ಕಂಡವರು ಯಾರೂ ನಂಬಲಾರರು. ಮದುವೆ ಮುಗಿದ ಮೇಲೆ ಉಳಿದ ಅನ್ನವನ್ನು ಅಲ್ಲಿನ ಗುಂಡಿಗೆ ಸುರಿದು ಅದರ ಮೇಲೆ ಫಿನಾಯಿಲ್ ಹುಯ್ಯಿಸುತ್ತಿದ್ದರು. ಹಳಸಿತ್ತೆಂದಲ್ಲ, ಗೇಟಿನಾಚೆ ಕಾದು ನಿಂತ ಜನ ಒಳಗೆ ಬಂದು ಗಲೀಜು ಮಾಡಬಾರದೆಂದು. ಅದು ಛತ್ರದ ಯಜಮಾನನ ಅಪ್ಪಣೆ. ಅವನು ನಮಗೆ ದೂರದ ನೆಂಟ.

ಒಂದು ದಿನ ಅಕ್ಕನ ತಮ್ಮ ಕೆಲಸ ಹುಡುಕಿ ಶಿವಮೊಗ್ಗಕ್ಕೆ ಹೋದವನು ಆ ಗೇಟಿನ ಬಳಿ ನಿಂತ. ಅಕ್ಕ ಇನ್ನೂ ಒಳಗೆ ಕೆಲಸದಲ್ಲಿದ್ದರು. ಅವನು ಬಂದದ್ದು ಅವರಿಗೆ ತಿಳಿದಿರಲಿಲ್ಲ. ಅವನು ಯಾರೂ ನೋಡದಾಗ ಹಿತ್ತಲಿಗೆ ನುಸುಳಿ, ಗುಂಡಿಗಿಳಿದು, ಮೇಲಿನದನ್ನು ಸರಿಸಿ, ಅಡಿಯ ಅನ್ನ ಚೆನ್ನಾಗಿದೆಯೆಂದು ತಿಂದ. ಗಂಟಲು ಸುಟ್ಟುಹೋಯಿತು. ಆಮೇಲೆ ಗಂಜಿಯೂ ಸರಿಯಾಗಿ ಇಳಿಯದೆ, ಮುಂದಿನ ಯುಗಾದಿಯನ್ನು ಕಾಣದೆ ಸತ್ತ.

"ಸಾರಾಯಿ ಕುಡಿದು ಗಂಟಲು ಸುಟ್ಕೊಂಡ, ಮಾರಾಯ. ಅದಕ್ಕೆ ನಾನೇನು ಮಾಡ್ಲಿ?" ಎಂದ ಯಜಮಾನ. ಊರು ಅದನ್ನೇ ಹೇಳಿತು, ನೆಂಟರು ಅದನ್ನೇ ಹೇಳಿದರು. ಹುಡುಗ ಸಾರಾಯಿ ಮುಟ್ಟಿದವನಲ್ಲವೆಂದು ಪಕ್ಕದ ಮನೆಯ ನಾನು ಹೇಳಿದರೆ, ನಿನಗೇಕೆ ಆ ಉಸಾಬರಿ ಎಂದರು.

ಅಕ್ಕ ಅದೇ ಛತ್ರದ ಕೆಲಸಕ್ಕೆ ಮರಳಿದರು. ನಾಚಿಕೆಗೆಟ್ಟವಳು ಎಂದಿತು ಬೀದಿ. ನಾನೂ ತಡೆಯಲಾರದೆ ಕೇಳಿದೆ: "ಇನ್ನೂ ಅವನ ಹತ್ರಾನೇ ಹೋಗ್ತೀರಲ್ಲ ಅಕ್ಕ?"

"ನಾನು ಬಿಟ್ರೆ ಅವನ ಎಲೆಗೆ ಬಡಿಸೋರು ಯಾರಣ್ಣ?" ಎಂದರು. ನಗಲಿಲ್ಲ.

ಮರುವರ್ಷ ಯಜಮಾನನ ಅರವತ್ತರ ಸಮಾರಂಭ ಅದೇ ಛತ್ರದಲ್ಲಿ ನಡೆಯಿತು. ನೆಂಟಸ್ತಿಕೆಯ ದೆಸೆಯಿಂದ ನನಗೆ ಮೊದಲ ಪಂಕ್ತಿಯಲ್ಲೇ ಎಲೆ ಸಿಕ್ಕಿತು. ನಮ್ಮವರ ಪದ್ಧತಿ ಎಲ್ಲರಿಗೂ ಗೊತ್ತು: ಬಡಿಸಿ ಮುಗಿದು, ಹಿರಿಯನು ಮೊದಲ ತುತ್ತು ಎತ್ತುವ ತನಕ ಯಾರೂ ಅನ್ನ ಮುಟ್ಟುವಂತಿಲ್ಲ, ಹಿರಿಯನು ಎದ್ದರೆ ಪಂಕ್ತಿಯೇ ಏಳಬೇಕು. ಎಲೆಗಳು ತುಂಬಿದವು. ಯಜಮಾನ ಕೈಮುಗಿದು, "ಯಾರೂ ಅನ್ನ ಚೆಲ್ಲಬೇಡಿ. ಪ್ರಪಂಚದಲ್ಲಿ ಎಷ್ಟೋ ಜನ ಹಸಿದಿದ್ದಾರೆ" ಎಂದು ನಾಲ್ಕು ಮಾತಾಡಿದ. ಕೆಲವರು ತಲೆದೂಗಿದರು.

ಅವನ ಬೆರಳು ಅನ್ನಕ್ಕೆ ತಾಗುವ ಮುನ್ನ ಅಕ್ಕ ಬಾಗಿ, ನೀರಿನ ಲೋಟವಿಡುವ ಜಾಗದಲ್ಲಿ ಫಿನಾಯಿಲ್ ಬಾಟಲಿ ಇಟ್ಟರು.

"ಏನೇ ಇದು?"

"ನಮ್ಮ ಹುಡುಗ ಕುಡಿದ ಸಾರಾಯಿ, ಯಜಮಾನ್ರೆ. ಒಂಚೂರು ಅನ್ನಕ್ಕೆ ಹುಯ್ಕೊಳ್ಳಿ. ವಾಸನೆಗೆ ಹೆದರ್ತೀರಾ?"

"ಗುಂಡೀಲಿರೋದು ತಿನ್ನು ಅಂತ ಅವನಿಗೆ ನಾನು ಹೇಳಿದ್ನಾ? ಯಾರೂ ತಿನ್ನಬಾರ್ದು ಅಂತಾನೇ ಅದನ್ನ ಹುಯ್ಸಿದ್ದು!"

ಅಕ್ಕ ಪಂಕ್ತಿಯ ಕಡೆ ತಿರುಗಿ, "ಎಲ್ಲಾರೂ ಕೇಳಿಸ್ಕೊಂಡ್ರಲ್ಲ? ಇನ್ಮೇಲೆ ಅವನನ್ನ ಕುಡುಕ ಅನ್ನಬೇಡಿ" ಎಂದರು.

ಯಜಮಾನ ಎದ್ದ. ಪಂಕ್ತಿಯೂ ಎದ್ದಿತು. ರೇಷ್ಮೆ ಸೀರೆ, ಜರಿ ಶಲ್ಯಗಳೆಲ್ಲ ಹಸಿದ ಹೊಟ್ಟೆಯಲ್ಲಿ ಬಾಗಿಲಿನತ್ತ ನಡೆದುದನ್ನು ಕಂಡು ನನಗಾದ ಸಂತೋಷವನ್ನು ನಾನು ಮುಚ್ಚಿಡಲಾರೆ. ನಾನೊಬ್ಬ ಏಳಲಿಲ್ಲ. ನಾನು ಅಕ್ಕನ ಕಡೆಯವನೆಂದು ತೋರಿಸುವ ಹಟ ನನ್ನದು.

ಅಷ್ಟರಲ್ಲಿ ಅವರು ಹಿತ್ತಲ ಗೇಟು ತೆಗೆದು ಕೂಗುತ್ತಿದ್ದರು: "ಬನ್ರೋ, ಬನ್ರಮ್ಮ! ಯಾರೂ ಮುಟ್ಟಿಲ್ಲ, ಎಂಜಲಲ್ಲ!" ಮೊದಲ ತುತ್ತಿಗೆ ಮುಂಚೆಯೇ ಬಾಟಲಿ ಬಂದದ್ದೇಕೆಂದು ಆಗ ನನಗೆ ಹೊಳೆಯಿತು. ಜನ ಅಂಜುತ್ತ ಬಂದು ಅದೇ ಎಲೆಗಳ ಮುಂದೆ ಕೂತರು. ಅಕ್ಕ ನನ್ನೆದುರು ನಿಂತರು. ಮೆಚ್ಚುಗೆಯ ಮಾತು ಬರುವುದೆಂದು ನಾನು ಮುಖವೆತ್ತಿದೆ.

"ಏಳಿ ಅಣ್ಣ. ನಿಮ್ಮ ಎಲೆಗೂ ಜನ ಇದ್ದಾರೆ."

ಎದ್ದೆ. ಮಗುವನ್ನು ಸೊಂಟದ ಮೇಲೆ ಹೊತ್ತ ಹೆಂಗಸೊಬ್ಬಳು ನನ್ನ ಜಾಗದಲ್ಲಿ ಕೂತಳು. ಹಸಿದವರ ಪರ ವಾದಿಸುತ್ತ ಬಂದ ನಾನು, ಹಸಿವಿಗಾಗಿ ಒಂದು ಎಲೆಯನ್ನು ಬಿಟ್ಟುಕೊಟ್ಟದ್ದು ಅದೇ ಮೊದಲು, ಅದೂ ಎಬ್ಬಿಸಿದ್ದರಿಂದ.

ಆಮೇಲೆ ಯಾವ ಛತ್ರವೂ ಅಕ್ಕನನ್ನು ಕರೆಯಲಿಲ್ಲ. ಮನೆಯಲ್ಲೇ ರೊಟ್ಟಿ ತಟ್ಟಿ ಮಾರಿದರು. ವರ್ಷಗಳು ಕಳೆದು, ಯಜಮಾನ ಹಾಸಿಗೆ ಹಿಡಿದಾಗ ಕ್ಷಮೆ ಕೇಳಿ ಮಗನನ್ನು ಕಳಿಸಿದ. ರೊಟ್ಟಿ ತಟ್ಟುವ ಕೈಯನ್ನು ಅಕ್ಕ ನಿಲ್ಲಿಸಲಿಲ್ಲ. "ಕ್ಷಮೆ ಏನು ಪಲ್ಯಾನೇನಪ್ಪ, ಕೇಳಿದೋರಿಗೆಲ್ಲ ಬಡಿಸೋಕೆ?" ಎಂದಷ್ಟೇ ಹೇಳಿದರು.

ಅಕ್ಕ ತೀರಿಕೊಂಡಾಗ ಯಜಮಾನನ ಮನೆಯವರು ದೊಡ್ಡ ಹಾರ ತಂದರು. ಕೊನೆಗಾಲದಲ್ಲಿ ಅಕ್ಕ ಎಲ್ಲವನ್ನೂ ಮರೆತು ಕ್ಷಮಿಸಿದ್ದರೆಂದು ಈಗ ಅವರೇ ಹೇಳಿಕೊಂಡು ತಿರುಗುತ್ತಾರೆ. ಉಂಡವರಿಗೆ ಅಂಥ ಕತೆ ಬೇಕು. ಕೊನೆಯ ದಿನ ಹಾಸಿಗೆಯ ಬಳಿ ಇದ್ದವನು ನಾನು. ಅವರು ಕ್ಷಮಿಸಲಿಲ್ಲ. ಕ್ಷಮಿಸುವ ಕೆಲಸವನ್ನು ಅವರು ನನಗೂ ವಹಿಸಿ ಹೋಗಿಲ್ಲ.