ಬ್ಯಾಂಕಾಕ್ ಕಂಡು ಬಂದವನ ನಾಲಿಗೆ

ಮೊನ್ನೆ ನನ್ನ ಹೆಂಡತಿ ಸರೋಜಾ ನೆಲ ಒರೆಸುವ ದ್ರವದ ಹೊಸ ಬಾಟಲಿಯೊಂದನ್ನು ಅಂಗಡಿಗೆ ತಂದು ಬಕೆಟ್ಟಿಗೆ ಸುರಿದಳು. ಘಮ್ಮೆಂದು ನಿಂಬೆಹುಲ್ಲಿನ ವಾಸನೆ. ನೀವಾಗಿದ್ದರೆ ಮೂಗರಳಿಸಿ ಸುಮ್ಮನಾಗುತ್ತಿದ್ದಿರಿ. ನನಗೆ ಕಿವಿ ಬಿಸಿಯಾಯಿತು. ಅದು ಬ್ಯಾಂಕಾಕಿನ ಹೋಟೆಲೊಂದರ ಪಡಸಾಲೆಯ ವಾಸನೆ. ಮೊದಲ ಸಲ ಹೋದಾಗ ಐದು ದಿನ ಆ ಊರಿನಲ್ಲಿದ್ದು ನಾನು ಸವಿದು ಬಂದದ್ದು ಅದೊಂದನ್ನೇ, ಅದೂ ಮೂಗಿನಿಂದ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಬಣ್ಣದ ಅಂಗಡಿ. ಚೆನ್ನಾಗಿ ಮಾರಿದ ವ್ಯಾಪಾರಿಗಳನ್ನು ಕಂಪನಿಯವರು ವಿಮಾನ ಹತ್ತಿಸಿ ತಿರುಗಾಡಿಸಿ ತರುತ್ತಾರೆ. ಹಾಗೆ ಒಂದು ವರ್ಷ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಮೂವರ ಜೊತೆ ನಾನೂ ಹೊರಟೆ. ಇಳಿದ ಸಂಜೆಯೇ ಬೀದಿಗೆ ಬಂದರೆ ತಳ್ಳುಗಾಡಿಯ ಮೇಲೆ ಹುರಿದ ಮಿಡತೆಗಳನ್ನು ಶೇಂಗಾದಂತೆ ರಾಶಿ ಹಾಕಿದ್ದರು. ನಾನು ಕುರಿ, ಕೋಳಿ, ಮೀನು ಯಾವುದಕ್ಕೂ ಅಂಜಿದವನಲ್ಲ. ಆದರೆ ಆ ಮಿಡತೆಗೆ ಕಣ್ಣುಗಳಿದ್ದವು. ಬಂದ ದಾರಿಯಲ್ಲೇ ಹೋಟೆಲಿಗೆ ತಿರುಗಿದೆ. ಅಲ್ಲಿಂದ ಮುಂದೆ, ನಮ್ಮ ತಂಡದ ಜೊತೆಗೇ ಬಂದಿದ್ದ ಅಡುಗೆಯವನ ಅನ್ನ ಸಾರು, ಅದು ಬಿಟ್ಟರೆ ಸರೋಜಾ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಉಳಿದ ಮೂವರದೂ ಅದೇ ಕಥೆ. ಹಾಗಾಗಿ ಊರಿಗೆ ಬಂದು ಯಾರ ಗುಟ್ಟನ್ನೂ ಯಾರೂ ಬಿಟ್ಟುಕೊಡಲಿಲ್ಲ.

ಊರಿನವರು ಕೇಳಿದ್ದು ಒಂದೇ ಪ್ರಶ್ನೆ: “ಏನೇನ್ ತಿಂದ್ರಿ ಅಲ್ಲಿ?” ವಿಮಾನದಲ್ಲಿ ಹೋಗಿ ರೊಟ್ಟಿ ತಿಂದು ಬಂದೆ ಎಂದು ಹೇಳುವುದು ಹೇಗೆ? ಹೋಟೆಲಿನ ಕೋಣೆಯಲ್ಲಿ ಆ ದೇಶದ ಅಡುಗೆಗಳ ಬಣ್ಣದ ಪುಸ್ತಕವೊಂದಿತ್ತು. ಹಾಸಿಗೆಯ ಮೇಲೆ ರೊಟ್ಟಿ ಮುರಿಯುತ್ತ ಅದನ್ನು ಓದಿದ್ದೆ. ಅದನ್ನೇ ಬಿಚ್ಚಿದೆ. “ನಿಂಬೆಹುಲ್ಲಿನ ಸಾರು ಅಂತ ಒಂದ್ ಇರತೈತಿ ನೋಡ್ರಿ. ಹುಳಿ, ಸಿಹಿ, ಉಪ್ಪು, ಖಾರ ನಾಕೂ ಒಂದ ಗುಟುಕಿನಾಗ. ಒಂದರ ಬೆನ್ನಿಗೆ ಒಂದು ಬರ್ತಾವ.” ಆ ಮಾತು ಪುಸ್ತಕದ್ದು, ಬಾಯಿ ಮಾತ್ರ ನನ್ನದು. ಸುಳ್ಳು ಕುಂಬಳದ ಬಳ್ಳಿ ಇದ್ದಂತೆ. ಒಮ್ಮೆ ಊರಿದರೆ ಸಾಕು, ಪಕ್ಕದವರ ಮಾಳಿಗೆಗೂ ತಾನೇ ಹಬ್ಬುತ್ತದೆ. ಸೋಮವಾರ ಬರೀ ಸಾರಾಗಿದ್ದದ್ದು ಶನಿವಾರದ ಹೊತ್ತಿಗೆ ಸಿಗಡಿ ಹಾಕಿಸಿಕೊಂಡು, ತೆಂಗಿನ ಹಾಲು ಸುರಿಸಿಕೊಂಡು, ಮಣ್ಣಿನ ಮಡಕೆಯಲ್ಲಿ ಬರತೊಡಗಿತು.

ಸರೋಜಾ ಎಲ್ಲವನ್ನೂ ಕೇಳಿಸಿಕೊಂಡು, “ನನಗೂ ಒಮ್ಮೆ ತಿನಸ್ರಿ ಅದನ್ನ,” ಎಂದಳು. ಅಷ್ಟೇ. ಅವಳ ವಿಷಯ ನಿಮಗೆ ಹೇಳಬೇಕು. ಬೀಗರ ಮನೆಯಲ್ಲಿ ಚಟ್ನಿ ನಾಲಿಗೆಗೆ ತಾಗಿಸಿ, “ಹುರಿದ ಎಳ್ಳು ಹಾಕ್ಯಾರ, ಒಂದ್ ಚೂರು ಬೆಲ್ಲಾನೂ ಐತಿ,” ಎಂದು ಹೇಳಬಲ್ಲ ಹೆಂಗಸು ಅವಳು. ಕೆತ್ತನೆಯ ಕಂಬಗಳಿಗೆ ಹೆಸರಾದ ಬಾಗಳಿಯ ಗುಡಿಗೆ ಕರೆದೊಯ್ದರೂ ಕಂಬ ನೋಡುವ ಮೊದಲು ಪ್ರಸಾದದಲ್ಲಿ ಏನೇನಿದೆ ಎಂದು ನೋಡುವವಳು. ಬ್ಯಾಂಕಾಕಿಗೆ ಅವಳನ್ನು ಕಳಿಸಬೇಕಿತ್ತು. ಹೋದದ್ದು ನಾನು.

ಎರಡು ವರ್ಷದ ಮೇಲೆ ಅವಳ ತಂಗಿಯ ಮನೆ ಗೃಹಪ್ರವೇಶಕ್ಕೆಂದು ಬೆಂಗಳೂರಿಗೆ ಹೋದೆವು. ಕಾರ್ಯ ಮುಗಿದು ಎರಡು ದಿನ ಬಿಡುವಿತ್ತು. “ಇಷ್ಟ್ ದೊಡ್ಡ ಊರಾಗ ಆ ಊಟ ಸಿಗಂಗಿಲ್ಲೇನು?” ಎಂದಳು. ಅವಳ ತಂಗಿ ಫೋನಿನಲ್ಲಿ ಹುಡುಕಿ ಮೂರು ಥಾಯ್ ಹೋಟೆಲುಗಳನ್ನು ಗುರುತು ಮಾಡಿಕೊಟ್ಟಳು. ಯಾವುದು ಅಸಲಿ ಎಂದು ಹೇಳುವ ಹೊಣೆ ಮಾತ್ರ, ತಿಂದು ಬಂದವನದು.

ಮೊದಲನೆಯದು ದೊಡ್ಡ ಮಾಲಿನ ನಾಲ್ಕನೇ ಮಹಡಿಯಲ್ಲಿತ್ತು. ಹಸಿರು ಗೊಜ್ಜಿನಂಥದ್ದನ್ನು ತಂದಿಟ್ಟರು. ನಾನು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದೆ. ಸರೋಜಾ ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ಗುಟ್ಟು ಹೇಳುತ್ತೇನೆ: ಏನೂ ತಿಳಿಯದವನು ತಿಳಿದವನಂತೆ ಕಾಣಬೇಕಾದರೆ ಒಪ್ಪಬಾರದು. ಹೊಗಳಿದರೆ ಯಾಕೆ ಎಂದು ಕೇಳುತ್ತಾರೆ. ತಲೆ ಅಲ್ಲಾಡಿಸಿದರೆ ಯಾರೂ ಕೇಳುವುದಿಲ್ಲ. “ಇದಲ್ಲ ಬಿಡು,” ಎಂದೆ. “ತೆಂಗಿನಹಾಲಿನ ಹದಾನ ಬ್ಯಾರೆ ಅಲ್ಲಿ.” ಅವಳು ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟಳು.

ಕೋರಮಂಗಲದ ಎರಡನೆಯ ಹೋಟೆಲಿನಲ್ಲಿ ಅವಳು ನನಗಿಂತ ಮೊದಲೇ ಶುರು ಮಾಡಿದ್ದಳು. ಶೇಂಗಾ ಉದುರಿಸಿದ ಸೇವಿಗೆ. ಬೆರಳು ನೆಕ್ಕುತ್ತ ಏನೋ ಹೇಳಲು ಹೊರಟಿದ್ದಳು. ನಾನು ಮೂಗು ಮುರಿದೆ. “ಇದೂ ಅಲ್ಲಾ?” ಎಂದಳು. “ಹತ್ರ ಐತಿ. ಆದ್ರ ಅದಲ್ಲ.” ಅರ್ಧ ತಟ್ಟೆ ಹಾಗೇ ಉಳಿಯಿತು. ಅವಳು ಕೈ ತೊಳೆಯಲು ಎದ್ದಾಗ ತಿರುಗಿ ಆ ತಟ್ಟೆಯನ್ನೊಮ್ಮೆ ನೋಡಿದ್ದು ನನಗೆ ಕಂಡಿತು. ಆಗಲೇ ಬಾಯಿ ಬಿಡಬಹುದಿತ್ತು. ಬಿಲ್ಲು ತರಿಸಿದೆ.

ಮೂರನೆಯದು ಹೆಣ್ಣೂರು ದಾಟಿ ಊರಾಚೆ. ಎರಡು ಬಸ್ಸು, ಒಂದು ಆಟೋ. ಆರೇ ಮೇಜು, ಅಡುಗೆಮನೆಗೊಂದು ಕಿಟಕಿ. ಮಧ್ಯಾಹ್ನ ಮೂರರ ಹೊತ್ತು, ನಮ್ಮನ್ನು ಬಿಟ್ಟರೆ ಗಿರಾಕಿಗಳಿಲ್ಲ. ನಿಂಬೆಹುಲ್ಲಿನ ಸಾರು ಬಂತು. ನಾನು ಆವಿಗಷ್ಟೇ ಮೂಗೊಡ್ಡಿ, ರೂಢಿಯಾಗಿದ್ದರಿಂದ ಸಲೀಸಾಗಿ ಹೇಳಿದೆ: “ಊಹೂಂ. ಇದೂ ಅಲ್ಲ. ಬ್ಯಾಂಕಾಕಿನಾಗ ಹುಳಿ ಬ್ಯಾರೇನ ಇರತೈತಿ.”

ಕಿಟಕಿಯಲ್ಲಿ ಪಾತ್ರೆಯ ಸದ್ದು ನಿಂತಿತು. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಯಾವೂರ್ರಿ ನಿಮ್ದು?”

“ಹಗರಿಬೊಮ್ಮನಹಳ್ಳಿ.”

“ಅಯ್ಯ ಶಿವನ! ನಮ್ದು ಹಡಗಲಿ ಬಾಜೂಕ ರೀ!” ಮುಖವೆಲ್ಲ ನಗೆ. ಹೆಸರು ರೇಣುಕಾ. ಸರೋಜಾಳ ಪಕ್ಕದ ಕುರ್ಚಿ ಎಳೆದು ಕುಳಿತೇಬಿಟ್ಟಳು. ಹನ್ನೆರಡು ವರ್ಷದ ಹಿಂದೆ ಪಾತ್ರೆ ತೊಳೆಯಲು ಇಲ್ಲಿಗೆ ಸೇರಿದವಳಂತೆ. ಹೋಟೆಲಿನ ಯಜಮಾನರು ಬಹಳ ವರ್ಷ ಬ್ಯಾಂಕಾಕಿನಲ್ಲಿ ಅಡುಗೆ ಮಾಡಿ ಬಂದ ಮುದುಕರು. ಇವಳ ಕೈ ನೋಡಿ ಒಲೆಯ ಮುಂದೆ ನಿಲ್ಲಿಸಿದರು, ಒಂದೊಂದಾಗಿ ಎಲ್ಲವನ್ನೂ ಕಲಿಸಿದರು. ಹೋದ ವರ್ಷ ತೀರಿಕೊಂಡರು.

“ಅವರಿದ್ದಾಗ ದಿನಾ ಮುಂಜಾನೆ ಒಂದ್ ಚಮಚ ಕುಡುದು ಹೂಂ ಅಂತಿದ್ರು, ಇಲ್ಲಾ ಊಹೂಂ ಅಂತಿದ್ರು. ಈಗ ಅನ್ನೋರ ಇಲ್ರಿ. ಬರೋ ಮಂದಿ ಚಲೋ ಐತಿ ಅಂತಾರ, ಆದ್ರ ಅವರೂ ಅಲ್ಲಿ ತಿಂದೋರಲ್ಲ. ನಾನಂತೂ ಆ ದೇಶ ಕಂಡಾಕಿ ಅಲ್ಲ. ನನ್ ಕೈ ದಾರಿ ತಪ್ಪೇತೋ ಏನೋ ಅಂತ ದಿನಾ ಅಂಜಿಕಿ.” ಎದ್ದು ಒಳಗೆ ಹೋಗಿ, ಒಂದು ಬಟ್ಟಲು ಸಾರು, ಲಿಂಬೆಹೋಳು, ಬೆಲ್ಲ, ಹುಣಸೆರಸ ತಂದು ನನ್ನ ಮುಂದೆ ಇಟ್ಟಳು. “ನೀವು ಅಲ್ಲಿ ಉಂಡು ಬಂದೋರು. ಹುಳಿ ಹೆಂಗಿರಬೇಕು ಹೇಳ್ರಿ ಅಣ್ಣಾರ. ನೀವು ಹೇಳಿದಂಗ ಇವತ್ತಿಂದ ಬದಲ ಮಾಡ್ತೀನಿ.”

ಯೋಚಿಸಿ ನೋಡಿ. ನಾನು “ಲಿಂಬೆ ಹೆಚ್ಚು” ಎಂದರೆ ಅವಳು ಲಿಂಬೆ ಹೆಚ್ಚಿಸುತ್ತಿದ್ದಳು. ಆ ಮುದುಕರು ವರ್ಷಗಟ್ಟಲೆ ಕೂಡಿಸಿಕೊಟ್ಟ ಹದವನ್ನು, ರೊಟ್ಟಿ ತಿಂದು ಬಂದವನೊಬ್ಬನ ಮಾತಿಗೆ ಕೆಡಿಸಿಬಿಡುತ್ತಿದ್ದಳು. “ಸರಿ ಐತಿ” ಎಂದರೂ ಅದು ಇನ್ನೊಂದು ಸುಳ್ಳೇ, ಅವಳು ನಂಬಿ ಬದುಕುವಂಥ ಸುಳ್ಳು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ತಂಗಿ,” ಎಂದೆ, “ನಾ ಅಲ್ಲಿ ಏನೂ ತಿಂದಿಲ್ಲ. ಮಿಡತಿ ನೋಡಿ ಹೆದರಿದೆ. ಐದು ದಿನಾನೂ ರೊಟ್ಟಿ ಚಟ್ನಿ. ಹೇಳಿದ್ದೆಲ್ಲ ಪುಸ್ತಕ ಓದಿ ಹೇಳಿದ್ದು.”

ರೇಣುಕಾಳ ಕೈ ಲಿಂಬೆಹೋಳಿನ ಮೇಲೇ ನಿಂತಿತು. ಅವಳು ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. “ಹೌದೇನ್ರಿ,” ಎಂದಳು ಮೆಲ್ಲಗೆ. ಅವಳ ಮುಖದಲ್ಲಿ ಕಂಡ ನಿರಾಸೆಯನ್ನು ಈಗಲೂ ನಾನು ಮರೆತಿಲ್ಲ.

ಸರೋಜಾ ನನ್ನತ್ತ ನೋಡಲೇ ಇಲ್ಲ. ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಒಂದು ಗುಟುಕು ಕುಡಿದಳು. ಇನ್ನೊಂದು. ತಳ ಕಾಣುವವರೆಗೂ ಕುಡಿದು, ಆಮೇಲೆ ನನ್ನ ಕಡೆ ತಿರುಗಿದಳು. “ನೀವು ಸುಳ್ಳ ಹೇಳಿದ್ದು ಹಾಳಾಗಿ ಹೋಗ್ಲಿ. ಕೋರಮಂಗಲದಾಗ ನಾ ಅರ್ಧಕ್ಕ ಬಿಟ್ಟು ಎದ್ದೆನಲ್ಲ, ಶೇಂಗಾದ ಸೇವಿಗಿ, ಅದನ್ನ ಯಾರ್ ತಂದು ಕೊಡ್ತಾರ?”

ಉತ್ತರ ಕೊಟ್ಟವಳು ರೇಣುಕಾ. ಎದ್ದು ಹೋಗಿ ಒಲೆ ಹಚ್ಚಿದಳು. ಆ ಸೇವಿಗೆಯನ್ನು ನಾವಿಬ್ಬರೂ ಒಂದೇ ತಟ್ಟೆಯಲ್ಲಿ ತಿಂದೆವು. ಬರುವಾಗ ಇಬ್ಬರು ಹೆಂಗಸರೂ ಫೋನ್ ನಂಬರು ಕೊಟ್ಟು ತೆಗೆದುಕೊಂಡರು. ನನ್ನ ನಂಬರನ್ನು ಯಾರೂ ಕೇಳಲಿಲ್ಲ.

ಮರುದಿನ ಊರಿನ ಬಸ್ಸಿನಲ್ಲಿ ಸರೋಜಾ ಕಿಟಕಿಯ ಹೊರಗೇ ನೋಡುತ್ತ ಕುಳಿತಳು. ತುಮಕೂರು ಹೋಯಿತು, ಚಿತ್ರದುರ್ಗ ಹೋಯಿತು. ಕಾನಹೊಸಹಳ್ಳಿಯಲ್ಲಿ ಬಸ್ಸು ನಿಂತಾಗ ಇದ್ದಕ್ಕಿದ್ದಂತೆ ಕೇಳಿದಳು: “ರೊಟ್ಟಿ ಐದು ದಿನಕ್ಕೂ ಸಾಲಿದ್ವಾ?”

“ಕಡೀ ದಿನ ಪುಡಿ ಉಳದಿತ್ತು. ಅದನ್ನ ಮುಕ್ಕಿದೆ.”

ಅವಳು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಕೂಡ್ಲಿಗಿ ಬಂದರೂ ಆ ನಗು ಪೂರ್ತಿ ನಿಂತಿರಲಿಲ್ಲ.

ಈ ವರ್ಷ ಕಂಪನಿಯವರು ಮತ್ತೆ ಬ್ಯಾಂಕಾಕಿಗೇ ಕರೆದೊಯ್ದರು, ಈ ಸಲ ಜೋಡಿಯಾಗಿ. ರೊಟ್ಟಿ ಕಟ್ಟಲು ಸರೋಜಾ ಸುತರಾಂ ಒಪ್ಪಲಿಲ್ಲ. ಇಳಿದ ಮರುದಿನವೇ ತಂಡವನ್ನು ಬಿಟ್ಟು ನನ್ನನ್ನು ಎಳೆದುಕೊಂಡು ಒಂದು ಓಣಿಗೆ ನುಗ್ಗಿದಳು. ಪ್ಲಾಸ್ಟಿಕ್ ಸ್ಟೂಲುಗಳ ಅಂಗಡಿ, ಒಲೆಯ ಮುಂದೊಬ್ಬ ಅಜ್ಜಿ. ಕೈಸನ್ನೆಯಲ್ಲೇ ಸಾರು ಕೇಳಿದಳು. ಒಂದು ಬಟ್ಟಲು ಕುಡಿದು, ಬಾಯಿ ತೊಳೆದು, ಇನ್ನೊಂದು ಬಟ್ಟಲು ಕುಡಿದಳು. ಆಮೇಲೆ ಫೋನ್ ತೆಗೆದು ರೇಣುಕಾಳಿಗೆ ವಿಡಿಯೋ ಕರೆ ಮಾಡಿದಳು.

“ರೇಣುಕಾ, ಕೇಳು. ಸಿಹಿ ನಿಂದು ಒಂದ್ ಚೂರು ಜಾಸ್ತಿ. ಬೆಲ್ಲ ಕಡಿಮಿ ಮಾಡು. ಖಾರ ಇವರದು ಹೆಚ್ಚು, ಆದ್ರ ನಮ್ ಮಂದಿಗೆ ನಿಂದ ಸಾಕು. ಹುಳಿ ಮಾತ್ರ ಅದ ಐತಿ. ಅದನ್ನ ಮುಟ್ಟಬ್ಯಾಡ.”

ಪರದೆಯಲ್ಲಿ ರೇಣುಕಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. “ಅದ ಐತೇನಕ್ಕಾ? ಖರೇನ ಅದ ಐತೇನು?”

“ಖರೇನ ಐತಿ. ಎರಡ್ ಬಟ್ಟಲು ಕುಡುದು ಹೇಳಾಕತ್ತೀನಿ.”

ನಾನೂ ಕುಡಿದೆ. ಬಟ್ಟಲು ಖಾಲಿಯಾಗುವವರೆಗೂ ಕುಡಿದೆ.

ನಿನ್ನೆ ತೆಲಿಗಿಯ ಮೇಸ್ತ್ರಿಯೊಬ್ಬರು ಬಣ್ಣ ಒಯ್ಯಲು ಬಂದವರು, ಬೆಂಗಳೂರಿಗೆ ಹೊರಟಿದ್ದೇನೆ, ಅಲ್ಲಿ ಒಳ್ಳೆಯ ಥಾಯ್ ಹೋಟೆಲ್ ಯಾವುದು, ನಿಮಗೆ ಗೊತ್ತಿರುತ್ತದಂತಲ್ಲ ಎಂದು ಕೇಳಿದರು. “ನನಗ ಗೊತ್ತಿಲ್ರಿ, ಈಕಿನ್ನ ಕೇಳ್ರಿ,” ಎಂದೆ. ಸರೋಜಾ ಹೆಣ್ಣೂರಿನ ದಾರಿಯನ್ನು ವಿವರವಾಗಿ ಹೇಳಿ, ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಅವರಿಗೆ ಸಮಾಧಾನವಾಗಲಿಲ್ಲ. “ಅಲ್ರಿ, ನೀವು ಎರಡ್ ಸಲ ಹೋಗಿ ಬಂದೀರಿ. ನಿಮಗ ಹೆಂಗ ಅನಿಸ್ತು ಆ ಸಾರು?”

ನಾನು ನಿಜವಾಗಿ ನೆನಪು ಮಾಡಿಕೊಂಡೆ. “ಖಾರ ಇತ್ರಿ. ಕಣ್ಣಾಗ ನೀರು ಬಂತು. ಚಲೋ ಇತ್ತು.”

ಇಷ್ಟೇನಾ ಎಂಬಂತೆ ನನ್ನನ್ನು ನೋಡಿ, ಮೇಸ್ತ್ರಿಗಳು ಡಬ್ಬಿ ಎತ್ತಿಕೊಂಡು ಹೋದರು. ಹೋಗಲಿ.