ಬೀಗತಿಯ ಅಂಗೈ ಮತ್ತು ತಣ್ಣಗಿನ ಎಂಜಿನ್ನು

ನನ್ನ ಮೊಮ್ಮಗಳಿಗೆ ನಾಲ್ಕು ಹಲ್ಲು ಬಂದಿವೆ. ಮೇಲೆ ಎರಡು, ಕೆಳಗೆ ಎರಡು. ಮೊನ್ನೆ ನನ್ನ ಬೆರಳು ಕಚ್ಚಿದಳು. ಆ ಬೆರಳನ್ನು ಓಣಿಗೆಲ್ಲ ತೋರಿಸಿಕೊಂಡು ಬಂದೆ. ಎರಡನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು, ಬರೆಯುವ ರೂಢಿ ಇಲ್ಲ. ಆದರೂ ಈ ಕೂಸು ನಮ್ಮ ಮನೆಗೆ ಬಂದ ಸುದ್ದಿ ಬರೆಯದೆ ಇರಲಾರೆ.

ನಾನು ವಿಜಾಪುರದಿಂದ ತಿಕೋಟಾಕ್ಕೆ ಮಂದಿ ಒಯ್ಯುವ ಮೋಟಾರು ಓಡಿಸುತ್ತೇನೆ. ಸೊಸೆಯ ತವರು ತಿಕೋಟಾ. ಬಾಣಂತನ ಅಲ್ಲಿಯೇ ಆಗಿ, ಐದನೇ ತಿಂಗಳಿಗೆ ಕೂಸನ್ನು ಕಳಿಸುವುದೆಂದು ಮಾತಾಗಿತ್ತು. ನನ್ನ ಮೋಟಾರಿನಲ್ಲೇ ಕರೆತರುತ್ತೇನೆ ಎಂದು ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆ ಹೇಳಿದ್ದೆ. ಅಡ್ಡ ನಿಂತವರು ಸೊಸೆಯ ತಾಯಿ, ನನ್ನ ಬೀಗತಿ. ತಿಕೋಟಾದಲ್ಲಿ ಕಾದ ಉಸುಕಿನಲ್ಲಿ ಅಕ್ಕಿ ಅರಳಿಸುವ ಚುರುಮುರಿ ಭಟ್ಟಿ ನಡೆಸುವ ಹೆಂಗಸು. ಬೆಂಕಿಯ ಮುಂದೆ ಕುಳಿತು ಕುಳಿತು ಮಾತೂ ಹಾಗೆಯೇ.

"ನಿಮ್ಮ ಗಾಡಿ ಅರಕೇರಿ ಏರಿನಾಗ ಕೆಮ್ಮಿ ಕೆಮ್ಮಿ ನಿಂದರತೈತಿ. ಮಂದಿ ಇಳದು ನೂಕತಾರ. ಆ ಥಂಡಿ ಗಾಳ್ಯಾಗ ನಮ್ಮ ಕೂಸು ಕುಂದರಬೇಕೇನ್ರಿ? ಮೊದಲ ಅದರ ಕೆಮ್ಮು ಬಿಡಸ್ರಿ."

ಎಳ್ಳಮಾವಾಸ್ಯೆಗೆ ಆರು ದಿನ ಉಳಿದಿತ್ತು. ಅದು ದಾಟಿದರೆ ಪುಷ್ಯ ಮಾಸ. ಆ ಇಡೀ ತಿಂಗಳು ಕೂಸನ್ನು ಕಳಿಸುವ ಪದ್ಧತಿ ಇಲ್ಲ. ಆರು ದಿನದಲ್ಲಿ ಗಾಡಿ ಸುಧಾರಿಸದಿದ್ದರೆ ಮೊಮ್ಮಗಳು ಮತ್ತೊಂದು ತಿಂಗಳು ಅಲ್ಲಿಯೇ.

ಬೀಗತಿ ಹೇಳಿದ್ದು ಸುಳ್ಳಾಗಿರಲಿಲ್ಲ. ಚಳಿ ಬಿದ್ದಾಗಿನಿಂದ ಮೋಟಾರು ತಿಣುಕುತ್ತಿತ್ತು. ಹೆಚ್ಚು ಪೆಟ್ರೋಲು ಬಿಡುವ ಚೋಕು ಎಳೆದೇ ಓಡಿಸಬೇಕು. ಕೂಪನ್ನಿನ ಮೇಲೆ ಪೆಟ್ರೋಲು ಸಿಗುವ ಈ ಕಾಲದಲ್ಲಿ ಅದನ್ನು ಮಜ್ಜಿಗೆಯಂತೆ ಕುಡಿಯುತ್ತಿತ್ತು. ಪ್ಲಗ್ಗು ತೊಳೆದೆ, ಪೈಪು ಊದಿದೆ, ಕಾರ್ಬೊರೇಟರು ಬಿಚ್ಚಿ ಕೂಡಿಸಿದೆ. ಏನೂ ಆಗಲಿಲ್ಲ. ಒಂದೇ ಸಮಾಧಾನ, ಎಂಜಿನ್ನು ಈಚೆಗೆ ಕಾಯುತ್ತಿರಲಿಲ್ಲ. ನಮ್ಮ ಕಡೆಯ ಡ್ರೈವರನಿಗೆ ಕಾವೇ ವೈರಿ. ತಣ್ಣಗಿರುವ ಎಂಜಿನ್ನಿಗೆ ರೋಗವಿದೆ ಎಂದರೆ ಯಾರು ನಂಬುತ್ತಾರೆ?

ಮರುದಿನ ತಿಕೋಟಾ ಮುಟ್ಟಿ ಬಾನೆಟ್ಟು ಎತ್ತಿ ನಿಂತಿದ್ದೆ. ಬೀಗತಿ ನಮ್ಮ ಮನೆಗೆ ಕಳಿಸಲು ಚುರುಮುರಿ ಗಂಟು ತಂದರು. ಗಂಟು ಇಳಿಸಿ, ಎಂಜಿನ್ನಿನ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ತೆಗೆಯಲೇ ಇಲ್ಲ.

"ಇದು ಈಗ ವಿಜಾಪುರದಿಂದ ಓಡಿ ಬಂದದ್ದೇನ್ರಿ?"

"ಮತ್ತ? ನೋಡ್ರಿ, ಎಷ್ಟ ತಣ್ಣಗ ಐತಿ, ನೀರಿನ ಗಡಿಗಿ ಹಂಗ," ಎಂದೆ.

"ಅದಕ್ಕ ಕೇಳಿದೆ. ಉಸುಕು ಕಾಯಲಿಲ್ಲಂದ್ರ ಅಕ್ಕಿ ಅರಳೂದಿಲ್ಲರಿ ಬೀಗರ. ಬರೇ ಹೊಗಿ ಆಕ್ಕೈತಿ."

ಹಿಂದೆ ಹೋಗಿ ಹೊಗೆ ಕೊಳವೆಯೊಳಗೆ ಬೆರಳು ಆಡಿಸಿ, ಕರಿ ಮಸಿ ತಂದು ನನ್ನ ಮೂಗಿನ ಮುಂದೆ ಹಿಡಿದರು. "ಹಸಿ ಮಸಿ. ಒಲಿ ಕಾದಿಲ್ಲ."

"ಬೀಗತ್ಯಾರ, ಇದು ಎಂಜಿನ್ನರಿ, ಭಟ್ಟಿ ಅಲ್ಲ."

"ಒಳಗ ಉರಿಯೂದು ಬೆಂಕ್ಯೋ, ನೀರೋ?"

ಗಾಡಿಯೊಳಗೆ ಕುಳಿತ ಮಂದಿ ನಕ್ಕರು. ಬೆಂಕಿಗೆ ಪಳಗಿದ ಕೈ, ಅದಕ್ಕೇ ಸುಡಲಿಲ್ಲ ಎಂದುಕೊಂಡೆ. ಅವರು ಅತ್ತ ಹೋದ ಮೇಲೆ ನನ್ನ ಕೈ ಇಟ್ಟು ನೋಡಿದೆ. ಇಪ್ಪತ್ತರವರೆಗೆ ಎಣಿಸಿದರೂ ಸುಡಲಿಲ್ಲ.

ಮರುದಿನ ಮುಂಜಾನೆ ಎಂಜಿನ್ನು ಚಾಲೂ ಮಾಡಿ, ನೀರು ತಣಿಸುವ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರು ಪೈಪು ಹಿಡಿದು ನಿಂತೆ. ಅದು ಸ್ವಲ್ಪ ಹೊತ್ತು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಇದು ಮೊದಲಿನಿಂದಲೇ ಉಗುರುಬೆಚ್ಚಗಾಯಿತು, ಅದರ ಮೇಲೆ ಏರಲೇ ಇಲ್ಲ. ಆಗ ಹೊಳೆಯಿತು. ಆ ಪೈಪಿನ ಬಾಯಿಗೆ ಒಂದು ಸಣ್ಣ ವಾಲ್ವು ಇರುತ್ತದೆ. ನೀರು ಕಾಯುವವರೆಗೆ ದಾರಿ ಮುಚ್ಚಿರುತ್ತದೆ. ಹೋದ ಬೇಸಿಗೆಯಲ್ಲಿ ಬಬಲೇಶ್ವರದ ಕಡೆ ಹೋದಾಗ, ಸಾರವಾಡದ ಹತ್ತಿರ ನೀರು ಕುದ್ದು ನನ್ನ ಮುಂಗೈ ಸುಟ್ಟಿತ್ತು. ಅದೇ ನೀರಿನ ದಾರಿ ಕಟ್ಟಿತೆಂಬ ಸಿಟ್ಟಿನಿಂದ ಆ ವಾಲ್ವು ಕಿತ್ತು ಯಾರದೋ ಜೋಳದ ಹೊಲಕ್ಕೆ ಒಗೆದವನು ನಾನೇ. ಮನೆಯ ಬಾಗಿಲು ಕಿತ್ತೊಗೆದು ಥಂಡಿ ಯಾಕೆ ಬಂತೆಂದು ಹುಡುಕುತ್ತಿದ್ದೆ.

ಹೊಸದು ಸೊಲ್ಲಾಪುರದಿಂದ ಬರಬೇಕು. ಅಷ್ಟರಲ್ಲಿ ಪುಷ್ಯ ಬರುತ್ತದೆ. ಗೋಣಿಚೀಲ ತಂದು, ತಣ್ಣನೆ ಗಾಳಿ ತಾಗದಂತೆ ರೇಡಿಯೇಟರಿಗೆ ಪೂರಾ ಹೊದಿಸಿದೆ. ಅರಕೇರಿ ಮುಟ್ಟುವುದರೊಳಗೆ ನೀರು ಕುದಿಯಿತು. ಮಡಚಿ ಅರ್ಧಕ್ಕೆ ಕಟ್ಟಿದೆ. ಚೋಕು ಒಳಗೆ ನೂಕಿದರೂ ಗಾಡಿ ಕೆಮ್ಮಲಿಲ್ಲ. ಏರನ್ನು ಗುಂಯ್ ಎಂದು ಹತ್ತಿತು.

ಬೀಗತಿ ಬಾಯಿಮಾತು ನಂಬುವವರಲ್ಲ. ಮುಂದಿನ ಸೀಟಿನಲ್ಲಿ ತಾವೇ ಕುಳಿತು ಅರಕೇರಿಯವರೆಗೆ ಬಂದರು. ಇಳಿದು, ಎಂಜಿನ್ನಿಗೆ ಅಂಗೈ ತಾಗಿಸಿ, ಚಟ್ಟನೆ ತೆಗೆದು ಸೆರಗಿಗೆ ಒರೆಸಿಕೊಂಡರು.

"ಹೂಂ. ಈಗ ಅರಳತೈತಿ. ನಾಡದ ಬರ್ರಿ, ಕೂಸಿಗೆ ಎಣ್ಣಿ ನೀರು ಹಾಕಿ ಕಳಸ್ತೇನಿ."

ಅಮಾವಾಸ್ಯೆಗೆ ಎರಡು ದಿನ ಮೊದಲು ಮೊಮ್ಮಗಳು ನನ್ನ ಮೋಟಾರು ಹತ್ತಿದಳು. ತಲೆಗೆ ಕುಲಾವಿ, ಮೈಗೆ ಕೌದಿ, ಸೊಸೆಯ ತೊಡೆಯ ಮೇಲೆ, ನನ್ನ ಮಗ್ಗುಲಿಗೇ. ಎಂಜಿನ್ನು ಆ ದಿನದಷ್ಟು ಹುರುಪಿನಿಂದ ಎಂದೂ ಎಳೆದಿರಲಿಲ್ಲ. ನನ್ನ ಕಾಲು ಮಾತ್ರ ಒತ್ತಲು ಒಲ್ಲೆನೆಂದಿತು. ತಗ್ಗು ಕಂಡಲ್ಲಿ ನಿಧಾನ, ಕಲ್ಲು ಕಂಡಲ್ಲಿ ನಿಧಾನ. ಕೂಸು ಕಣ್ಣು ಬಿಟ್ಟರೆ ಅದನ್ನು ನೋಡಬೇಕೆಂದು ಇನ್ನೂ ನಿಧಾನ.

ಹಿಂದಿನಿಂದ ಒಬ್ಬ ಮುದುಕ ಕೇಳಿದ: "ಏನಪಾ ಡ್ರೈವರ, ಗಾಡಿ ರಿಪೇರಿ ಆಗೇತಿ ಅಂತಿದ್ದಿ. ಎತ್ತಿನ ಚಕ್ಕಡಿ ನಮ್ಮನ್ನ ದಾಟಿ ಹೋತಲ್ಲೋ?"

"ಹೋಗಲಿ ಬಿಡ್ರಿ ಯಜ್ಜಾ," ಎಂದೆ. "ಅವಂಗ ಏನ ಅವಸರ ಐತೋ ಏನೋ."